ಎರಡನೇ ಸಲ ಕೇಳಿದ ಪ್ರಶ್ನೆ

ಅಗಲ ಲೋಟದಲ್ಲಿದ್ದ ಕೆಂಪು ನೀರನ್ನು ಶಿವಲೀಲಾ ಉದ್ದನೆಯ ಲೋಟಕ್ಕೆ ಬಗ್ಗಿಸುತ್ತಿದ್ದಳು. ಒಂದು ಹನಿಯೂ ಹೊರಗೆ ಚೆಲ್ಲಬಾರದು. ಮುಖದಲ್ಲಿ ನಗುವೂ ಇರಬಾರದು, ಸಿಡುಕೂ ಇರಬಾರದು. ಬಗ್ಗಿಸಿ ಮುಗಿದ ಮೇಲೆ ಖಾಲಿ ಲೋಟವನ್ನು ಪಕ್ಕಕ್ಕಿಟ್ಟು, ಬಟ್ಟೆಯಿಂದ ಬೆರಳು ಒರೆಸಿಕೊಂಡು, ಎದುರಿಗೆ ಕುಳಿತ ಹುಡುಗನತ್ತ ತಿರುಗಿದಳು. ಅವನ ತಲೆಗೆ ಹಾಕಿದ್ದ ಬಲೆಟೋಪಿಯ ತಂತಿಗಳು ಮೇಜಿನ ಮೇಲಿನ ಯಂತ್ರದೊಳಗೆ ಹೋಗಿದ್ದವು. ಉದ್ದನೆಯ ಲೋಟದ ಪಕ್ಕದಲ್ಲಿ ಇನ್ನೊಂದು ಅಗಲ ಲೋಟ, ಅದರಲ್ಲಿಯೂ ಬೀಟ್‌ರೂಟ್ ರಸ ಬೆರೆಸಿದ ಕೆಂಪು ನೀರು.

ನೀರು ಬಗ್ಗಿಸುವ ಮೊದಲು ಎರಡೂ ಲೋಟ ಒಂದೇ ಥರದವಿದ್ದಾಗ ಅವಳು ಒಮ್ಮೆ ಕೇಳಿದ್ದಳು. ಹುಡುಗ "ಎರಡರಾಗೂ ಅಷ್ಟ ಐತ್ರಿ" ಎಂದಿದ್ದ. ಈಗ ಮತ್ತೆ ಅದೇ ಮಾತು, ಅದೇ ದನಿ.

"ಈಗ ಹೇಳಪಾ. ಎರಡರಾಗೂ ಅಷ್ಟ ನೀರೈತೋ, ಒಂದರಾಗ ಹೆಚ್ಚೈತೋ?"

ಹುಡುಗ ಲೋಟಗಳನ್ನು ನೋಡಲಿಲ್ಲ. ಅವಳ ಮುಖ ನೋಡಿದ. ಅಂಗಿಯ ಗುಂಡಿ ತಿರುವುತ್ತ ಉದ್ದನೆಯ ಲೋಟದ ಕಡೆಗೆ ಬೆರಳು ಚಾಚಿ, "ಇದರಾಗ ಹೆಚ್ಚೈತ್ರಿ," ಎಂದ.

ಯಂತ್ರದ ಮೇಲೆ ಹಳದಿ ದೀಪ ಹತ್ತಿತು.

"ಶಾಣ್ಯಾ ಇದ್ದಿ," ಎಂದು ಶಿವಲೀಲಾ ಅವನ ಅಂಗೈಗೆ ಪೆಪ್ಪರ್‌ಮಿಂಟು ಹಾಕಿದಳು. ಹಸಿರು ಬಂದವರಿಗೂ ಅದೇ ಪೆಪ್ಪರ್‌ಮಿಂಟು, ಹಳದಿ ಬಂದವರಿಗೂ ಅದೇ. ಹೊರಗೆ ಬೆಂಚಿನ ಮೇಲೆ ಸೆರಗು ಹಿಡಿದು ಕೂತಿದ್ದ ತಾಯಿ ಎದ್ದು ನಿಂತಳು.

"ದಾಟಿದನೇನ್ರಿ ಅಕ್ಕೋರ?"

"ಇನ್ನೂ ಇಲ್ರಿ. ಅವಸರ ಏನೈತಿ, ದಾಟ್ತಾನ."

"ಅವಸರ ಏನೈತಿ ಅಂತ ನೀವಂತೀರಿ. ಬಾಜೂ ಮನಿಯಾಕಿ ಅನ್ನಬೇಕಲ್ರಿ!"

ಗದಗಿನ ಓಣಿ ಓಣಿಯಲ್ಲಿ ಈಗ ಇದೇ ಮಾತು. ಹಿಟ್ಟಿನ ಗಿರಣಿಯ ಮುಂದೆ, ನಳದ ಮುಂದೆ, ಮದುವೆಯ ಪಂಕ್ತಿಯಲ್ಲಿ, 'ನಿಮ್ಮ ಹುಡುಗಿ ದಾಟಿದಳೇನು?' ಎಂಬ ಪ್ರಶ್ನೆ. ಶಾಲೆಗಳು ವಯಸ್ಸು ನೋಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಚಿಕ್ಕ ಮಗುವಿಗೆ ನೀರು ಎತ್ತರಕ್ಕೆ ನಿಂತರೆ ಹೆಚ್ಚಾದಂತೆಯೇ ಕಾಣುತ್ತದೆ, ಕಣ್ಣು ಹೇಳಿದ್ದೇ ಅದಕ್ಕೆ ಖರೆ. ಮುಂದೆ ಯಾವುದೋ ಒಂದು ದಿನ, ಯಾರೂ ಕಲಿಸದಿದ್ದರೂ, ಅದರ ಮನಸ್ಸು ಆ ನೀರನ್ನು ಒಳಗೊಳಗೇ ಹಳೆಯ ಲೋಟಕ್ಕೆ ತಿರುಗಿ ಬಗ್ಗಿಸಿ ನೋಡುತ್ತದೆ. ಆಗ 'ಅಷ್ಟೇ ಇದೆ' ಎನ್ನುತ್ತದೆ. ಅದೇ ದಾಟು. ದಾಟಿದ ಮಗುವಿಗೆ ಲೆಕ್ಕ ಹತ್ತುತ್ತದೆ, ದಾಟದ ಮಗುವಿಗೆ ಎಷ್ಟು ಬಡಿದರೂ ಬಾಯಿಪಾಠವಷ್ಟೇ. ಆದ್ದರಿಂದ ದಾಟಿದವರಿಗೆ ಮಾತ್ರ ಒಂದನೇ ಇಯತ್ತೆ.

ಇಷ್ಟೇ ಆಗಿದ್ದರೆ ತಾಯಂದಿರು ಕಾಯುತ್ತಿದ್ದರೇನೋ. ಆದರೆ ನಿದ್ದೆಪಟ್ಟಿ ಬಂದಿತ್ತು. ಮಲಗುವಾಗ ಮಗುವಿನ ಹಣೆಗೆ ಕಟ್ಟುವ ಮೆತ್ತನೆಯ ಪಟ್ಟಿ. ಹಗಲು ಕಂಡದ್ದನ್ನು ಮೆದುಳು ನಿದ್ದೆಯಲ್ಲಿ ಮೆಲುಕು ಹಾಕುತ್ತದೆ. ಓಡಾಡಿದ ದಾರಿ ರಸ್ತೆಯಾಗುತ್ತದೆ, ಓಡಾಡದ ದಾರಿಯಲ್ಲಿ ಹುಲ್ಲು ಬೆಳೆಯುತ್ತದೆ. ಪಟ್ಟಿ ಆ ಮೆಲುಕನ್ನೇ ಬೇಗ ಬೇಗ ಓಡಿಸುತ್ತಿತ್ತು. ವರ್ಷಗಳ ಕೆಲಸ ಒಂದು ಮಳೆಗಾಲದೊಳಗೆ. ಮೂರು ಸಲ ಹಳದಿ ಬಂದ ಮಗುವಿಗೆ ಪಟ್ಟಿ, ಇದು ನಿಯಮ. ಪಟ್ಟಿ ಕಟ್ಟಿಕೊಂಡ ಮಕ್ಕಳು ನೋವು ಅನ್ನುತ್ತಿರಲಿಲ್ಲ, ಅಳುತ್ತಿರಲಿಲ್ಲ. ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದರು. ತಾಯಂದಿರು ಅದನ್ನು ಶಾಣ್ಯಾತನ ಎನ್ನುತ್ತಿದ್ದರು.

ಶಿವಲೀಲಾಳ ಮಗಳು ಚಂಪಾಳಿಗೆ ಎರಡು ಸಲ ಹಳದಿ ಬಂದಿತ್ತು.

*

ಸಂಜೆ ಒಲೆಯ ಮುಂದೆ ಚಂಪಾ ತನ್ನ ಪುಟ್ಟ ಅಂಗೈಯಲ್ಲಿ ಜೋಳದ ಹಿಟ್ಟಿನ ಉಂಡೆ ತಟ್ಟುತ್ತಿದ್ದಳು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಿದು ಕಿಟಕಿ. ಶಿವಲೀಲಾ ಅದನ್ನು ಹಾಗೆಯೇ ಹಂಚಿಗೆ ಹಾಕಿದಳು. ಬೆಂದ ರೊಟ್ಟಿಯನ್ನು ಚಂಪಾ ಒಂದು ತಾಟಿಗಿಟ್ಟು, ಪಕ್ಕದಲ್ಲಿ ಉಳ್ಳಾಗಡ್ಡಿ ಇಟ್ಟು, ಬಾಗಿಲಿಗೆ ಮುಖ ಮಾಡಿ ಹಾಕಿದ್ದ ಮಣೆಯ ಮುಂದೆ ತಂದಿಟ್ಟಳು. ಅದು ಅಪ್ಪನ ಜಾಗ.

"ಗಾಳಿ ನಿಂತೈತೇನ ಅವ್ವಾ?"

"ಇಲ್ಲ ಪುಟ್ಟಿ. ಇನ್ನೂ ಬೀಸಾಕ ಹತ್ತೈತಿ."

"ಹಂಗಾರ ಇವತ್ತ ಇಳಿಯಾಂಗಿಲ್ಲ. ನಾಳಿ ಬರ್ತಾನ," ಎಂದು ಚಂಪಾ ತಾಟಿನ ಮೇಲೆ ಇನ್ನೊಂದು ತಾಟು ಬೋರಲು ಹಾಕಿದಳು.

ಚಂಪಾಳ ಅಪ್ಪ ವೀರಭದ್ರ ಕಪ್ಪತಗುಡ್ಡದ ಗಾಳಿಯಂತ್ರಗಳ ರಿಪೇರಿ ಕೆಲಸದಲ್ಲಿದ್ದ. ಕಂಬದ ತುದಿಯಲ್ಲಿ, ಅಷ್ಟು ಎತ್ತರದಲ್ಲಿ, ಎದೆ ಹಿಡಿದುಕೊಂಡು ಕುಸಿದವನನ್ನು ಜೊತೆಗಾರರು ಹಗ್ಗ ಕಟ್ಟಿ ಇಳಿಸಿಕೊಂಡು ಬಂದಿದ್ದರು. ಚಂಪಾ ಆಗ ಬೆಟಗೇರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು. ಮಣ್ಣು ಮಾಡಿದ ಮೇಲೆ ಕರೆತಂದರು. ಮನೆ ತುಂಬ ಹೆಂಗಸರು, ಶಿವಲೀಲಾ ಗೋಡೆಗೆ ಒರಗಿದ್ದಳು. ಮಗಳು ಬಂದು ತೊಡೆಯ ಮೇಲೆ ಕೂತು ಏನೋ ಅಂದಿದ್ದಳು. ಏನೆಂದು ಶಿವಲೀಲಾಳ ನೆನಪಿನಲ್ಲಿ ನಿಂತಿಲ್ಲ. ತಾನು "ಏನಂದಿ? ಅಪ್ಪ ಬರ್ತಾನೋ ಇಲ್ಲೋ?" ಎಂದು ಕೇಳಿದ್ದಷ್ಟೇ ನೆನಪು. ಚಂಪಾ ಅವಳ ಮುಖ ನೋಡಿ, "ಬರ್ತಾನ. ಗಾಳಿ ನಿಂತ ಮ್ಯಾಲ ಇಳದು ಬರ್ತಾನ," ಎಂದಿದ್ದಳು. ಅಷ್ಟು ದುಃಖದಲ್ಲಿಯೂ ಶಿವಲೀಲಾ ನಕ್ಕುಬಿಟ್ಟಿದ್ದಳು. ಆ ದಿನದಿಂದ ಈ ಮನೆಯ ಒಂದು ಮೂಲೆಯಲ್ಲಿ ವೀರಭದ್ರ ಸತ್ತಿರಲಿಲ್ಲ.

ಅತ್ತೆ ನೀಲವ್ವ ಆ ಮೂಲೆಯತ್ತ ಬೆನ್ನು ಮಾಡಿ ಉಣ್ಣುತ್ತಿದ್ದಳು.

"ಎಷ್ಟ ದಿನಾ ನಡಸ್ತೀಯವಾ ಈ ಆಟಾ? ಹಡದ ಹೊಟ್ಟಿ ನಂದು. ದಿನಾ ಆ ತಾಟ ನೋಡಿ ನನಗ ತುತ್ತು ಇಳಿಯಂಗಿಲ್ಲ."

"ಕೂಸಿಗೆ ತಿಳಿಯೂದಿಲ್ಲ ಅತ್ತಿ. ತಿಳಿಯೂ ಮಟಾ ಇರ್ಲಿ."

"ಕೂಸಿಗೆ ತಿಳಿಯೂದಿಲ್ಲೋ, ನಿನಗ ತಿಳಿಯೂದಿಲ್ಲೋ?"

ಶಿವಲೀಲಾ ಹಂಚಿನ ಮೇಲಿನ ರೊಟ್ಟಿಯನ್ನು ಬಟ್ಟೆಯಿಂದ ಒತ್ತಿದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಪರೀಕ್ಷಾ ಕೇಂದ್ರದ ಡಾಕ್ಟರ್ ಕೌಲಗಿ ಮೇಡಮ್ ಹೇಳಿದ ಮಾತು ಅವಳಿಗೆ ಒಲೆಯ ಮುಂದೆ ಕೂತಾಗಲೆಲ್ಲ ನೆನಪಾಗುತ್ತಿತ್ತು. "ತಿರುಗಿ ಬಗ್ಗಸಬಹುದಾದದ್ದು ಯಾವುದು ಅಂತ ತಿಳಕೊಂಡ ಕೂಸಿಗೆ, ತಿರುಗಿ ಬಗ್ಗಸಲಿಕ್ಕೆ ಬಾರದ್ದು ಯಾವುದು ಅಂತನೂ ತಿಳೀತದ. ಸಾವು ಅಂದ್ರ ಏನು ಅಂತ ಗೊತ್ತಾಗೋದು ಹೆಚ್ಚುಕಡಿಮೆ ಅದೇ ಹೊತ್ತಿಗೆ ನೋಡ್ರಿ." ಅಂದರೆ ಲೋಟದ ನೀರು ಅಷ್ಟೇ ಇದೆ ಎಂದು ಚಂಪಾ ಹೇಳುವ ದಿನ ಗಾಳಿ ನಿಲ್ಲುತ್ತದೆ. ಮಣೆ ಖಾಲಿಯಾಗುತ್ತದೆ.

ಬೆಳಗ್ಗೆ ಮಗಳು ಏಳುವ ಮೊದಲೇ ಶಿವಲೀಲಾ ಆ ರೊಟ್ಟಿಯನ್ನು ಓಣಿಯ ಆಕಳಿಗೆ ಹಾಕಿಬರುತ್ತಿದ್ದಳು. ಅಪ್ಪ ಬಂದು ಉಂಡು ಹೋದನೇನು ಎಂದು ಚಂಪಾ ಒಂದು ದಿನವೂ ಕೇಳಿರಲಿಲ್ಲ. ಆ ಬಗ್ಗೆ ಶಿವಲೀಲಾ ಒಂದು ದಿನವೂ ಯೋಚಿಸಿರಲಿಲ್ಲ.

*

ಸ್ವಂತ ಮಕ್ಕಳನ್ನು ಪರೀಕ್ಷಿಸುವಂತಿರಲಿಲ್ಲ. ಮೂರನೆಯ ಸಲ ಚಂಪಾಳ ಎದುರಿಗೆ ರೇಣುಕಾ ಎಂಬ ಜೊತೆಗಾರ್ತಿ ಕೂತಳು. ಶಿವಲೀಲಾ ಗಾಜಿನ ಗೋಡೆಯ ಈಚೆಗೆ, ಪರೀಕ್ಷೆಯ ಚಿತ್ರ ಮೂಡುವ ಪರದೆಗಳಿದ್ದ ಕೋಣೆಯಲ್ಲಿ ನಿಂತಿದ್ದಳು. ಆ ಕೋಣೆಗೆ ಮಾತು ಕೇಳಿಸುವುದಿಲ್ಲ. ಯಂತ್ರಕ್ಕೆ ಬೇಕಾದದ್ದು ಮಾತಲ್ಲ. ಎರಡು ಸಲದ ಉತ್ತರಕ್ಕೆ ಅಕ್ಕೋರು ಒತ್ತುವ ಗುಂಡಿ, ಎರಡು ಉತ್ತರಗಳ ನಡುವೆ ಮೆದುಳಿನಲ್ಲಿ ಏಳುವ ಗೊಂದಲ, ಇಷ್ಟೇ.

ಚಂಪಾಳ ತುಟಿ ಆಡಿತು. ಮೊದಲ ಉತ್ತರ ಸರಿ ಎಂದು ಪರದೆ ತೋರಿಸಿತು. ರೇಣುಕಾ ನೀರು ಬಗ್ಗಿಸಿದಳು, ಮತ್ತೆ ಕೇಳಿದಳು. ಚಂಪಾ ರೇಣುಕಾಳ ಮುಖ ನೋಡಿದಳು, ಆಮೇಲೆ ಗಾಜಿನ ಗೋಡೆಯ ಕಡೆಗೆ ತಿರುಗಿದಳು. ಅವಳಿಗೆ ಅಲ್ಲಿ ಕಾಣುವುದು ತನ್ನದೇ ಪ್ರತಿಬಿಂಬ. ಆದರೂ ತಾಯಿಯನ್ನೇ ನೋಡಿದಂತಿತ್ತು. ಬೆರಳು ಮೆಲ್ಲಗೆ ಮೇಲೆದ್ದು ಉದ್ದನೆಯ ಲೋಟದ ಕಡೆ ಹೋಯಿತು.

ಹಳದಿ.

ಶಿವಲೀಲಾಳ ಎದೆಯಿಂದ ಉಸಿರು ಹೊರಬಿತ್ತು. ದುಃಖವಲ್ಲ, ಸಮಾಧಾನ. ಅದಕ್ಕೆ ಅವಳಿಗೇ ನಾಚಿಕೆಯಾಯಿತು. ವೀರಭದ್ರ ಇನ್ನೂ ಮೇಲೆಯೇ ಇದ್ದಾನೆ ಎಂದುಕೊಂಡಳು. ಮರುಗಳಿಗೆಯಲ್ಲೇ, ಇದು ಮೂರನೆಯ ಹಳದಿ ಎನ್ನುವುದು ನೆನಪಾಯಿತು.

ಕೌಲಗಿ ಮೇಡಮ್ ಒಳ್ಳೆಯ ಹೆಂಗಸು. ಕುರ್ಚಿ ಎಳೆದು ಕೂರಿಸಿ, ತನ್ನ ಫ್ಲಾಸ್ಕಿನ ಚಹಾ ಅವಳ ಮುಂದಿಟ್ಟಳು.

"ನೀವ ಹೆದರಿದ್ರ ಊರ ಮಂದಿಗೆ ಯಾರು ಧೈರ್ಯ ಹೇಳಬೇಕು, ಶಿವಲೀಲಾ?"

"ಒಂದ ವರ್ಷ ಕಾಯೂಣಲ್ರಿ ಮೇಡಮ್. ತಾನಾಗೇ ದಾಟ್ತಾಳ."

"ದಾಟ್ತಾಳ. ಅಷ್ಟರಾಗ ಅವಳ ಗೆಳತ್ಯಾರೆಲ್ಲಾ ಮುಂದಿನ ಇಯತ್ತೆಕ್ಕ ಹೋಗಿರ್ತಾರ. ಆಕಿ ಒಬ್ಬಾಕಿನ ಅಂಗನವಾಡಿ ಜೋಕಾಲ್ಯಾಗ ಕೂತಿರ್ತಾಳ. ಅದು ಬೇಕೇನು?"

"ಪಟ್ಟಿ ಕಟ್ಟಿದ್ರ ಏನೇನ ಹೋಗತೈತ್ರಿ?"

ಮೇಡಮ್ ಚಹಾದ ಕಪ್ಪು ತಿರುವಿದಳು. "ಹೋಗೋದು ಅಂತ ಏನಿಲ್ಲ. ಸುಳ್ಳಾಟ, ಗೊಂಬಿಗೆ ಉಣಸೋದು, ಇಲ್ಲದ್ದನ್ನ ಇದ್ದಂಗ ಮಾಡೋದು, ಇವು ಸ್ವಲ್ಪ ಲಗೂನ ಉದರ್ತಾವ. ಹೆಂಗಿದ್ರೂ ಉದರೂವ. ಹಾಲಹಲ್ಲು ಇದ್ದಂಗ."

ಮನೆಯಲ್ಲಿ ನೀಲವ್ವ ಒಂದೇ ಮಾತು ಅಂದಳು. "ಕಟ್ಟವಾ. ಕೂಸು ಸಾಲಿಗೆ ಹೋಗ್ಲಿ. ನನ್ನ ಮಗನೂ ಆ ಕಂಬದಿಂದ ಇಳೀಲಿ. ಎಷ್ಟಂತ ನಿಂತಾನು ಅಲ್ಲಿ."

ಶಿವಲೀಲಾ ತನ್ನ ಕೈಯಾರೆ ಪಟ್ಟಿ ಕಟ್ಟಿದಳು. ಚಂಪಾ ಕಣ್ಣು ಮುಚ್ಚಿಕೊಂಡು, "ಬಾಸಿಂಗ ಕಟ್ಟಿದಂಗ ಆತು ನೋಡ. ನಾ ಮದುಮಗಳು," ಎಂದು ಕಿಲಕಿಲ ನಕ್ಕಳು. ಅವಳು ಆಡಿದ ಕೊನೆಯ ಸುಳ್ಳಾಟ ಅದು ಎಂದು ಆಗ ಗೊತ್ತಾಗಲಿಲ್ಲ.

*

ಮಳೆಗಾಲ ಮುಗಿಯುವ ಹೊತ್ತಿಗೆ ಚಂಪಾಳಿಗೆ ಹಸಿರು ಬಂತು. ನೀಲವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಚಂಪಾ ಶಾಲೆಯ ಚೀಲ ಬೆನ್ನಿಗೇರಿಸಿ ಹೋದಳು, ಬಂದಳು, ಕೈಕಾಲು ತೊಳೆದು ಲೆಕ್ಕ ಮಾಡಿದಳು. ಗೊಂಬೆಗಳನ್ನು ಯಾರೂ ಹೇಳದೆಯೇ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದಳು. ಅವಳು ತಟ್ಟಿದ ರೊಟ್ಟಿ ಈಗ ದುಂಡಗೆ ಬರುತ್ತಿತ್ತು.

ಆದರೆ ಒಂದು ಸಂಜೆ ಅವಳು ಆ ರೊಟ್ಟಿಯನ್ನು ಎಲ್ಲರ ರೊಟ್ಟಿಗಳ ಜೊತೆ ಬುಟ್ಟಿಗೆ ಹಾಕಿಬಿಟ್ಟಳು.

ಶಿವಲೀಲಾ ಬುಟ್ಟಿಯತ್ತ ನೋಡಿದಳು. ತಾನು ಇಷ್ಟು ದಿನ ಹೆದರಿದ್ದ ಗಳಿಗೆ ಇದೇ ಎಂದು ಗೊತ್ತಿತ್ತು. ಆದರೂ ಬಾಯಿ ಕೇಳಿಯೇಬಿಟ್ಟಿತು.

"ಚಂಪಿ, ಅಪ್ಪಗ ತಾಟ ಇಡಲಿಲ್ಲ?"

"ಯಾಕ ಇಡಬೇಕು? ಅಪ್ಪ ಸತ್ತಾನಲ್ಲ."

ಗೋಡೆಗೆ ಮುಖ ಮಾಡಿದ್ದ ನೀಲವ್ವ ತಿರುಗಿದಳು. ಶಿವಲೀಲಾ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಮಗಳ ಹತ್ತಿರ ಸರಿದಳು.

"ಯಾವಾಗ ತಿಳೀತವಾ ನಿನಗ? ಪಟ್ಟಿ ಕಟ್ಟಿದ ಮ್ಯಾಲೇನು?"

"ಇಲ್ಲ. ಮೊದಲ ಗೊತ್ತಿತ್ತು. ಚಿಕ್ಕವ್ವನ ಮನ್ಯಾಗ ಮಾತಾಡೂದು ಕೇಳಿದ್ದೆ. ಬಂದ ಕೂಡ್ಲೆ ನಿನಗ ಹೇಳಿದ್ದೆನಲ್ಲ, ಅಪ್ಪ ಇನ್ನ ಬರೂದಿಲ್ಲ ಅಂತ."

"ಬರ್ತಾನ ಅಂದಿದ್ದಿ ನೀ."

"ಅದು ನೀ ಮತ್ತ ಕೇಳಿದ ಮ್ಯಾಲ." ಚಂಪಾಳ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿರಲಿಲ್ಲ. ಲೆಕ್ಕ ಬಿಡಿಸಿ ತೋರಿಸುವಂತೆ ಹೇಳುತ್ತಿದ್ದಳು. "ದೊಡ್ಡವರು ಮತ್ತ ಕೇಳಿದ್ರ, ಮೊದಲ ಹೇಳಿದ್ದು ತಪ್ಪು ಅಂತ ಅಲ್ಲ? ಸಾಲ್ಯಾಗೂ ಹಂಗ. ಸರಿ ಹೇಳಿದ್ರ ಅಕ್ಕೋರು ಮತ್ತ ಕೇಳೂದಿಲ್ಲ. ನೀ ಮತ್ತ ಕೇಳಿದಿ, ಅದಕ್ಕ ಬರ್ತಾನ ಅಂದೆ. ನೀ ನಕ್ಕಿ. ಅದಕ್ಕ ದಿನಾ ತಾಟ ಇಟ್ಟೆ."

"ಮತ್ತ ನೀರು? ಲೋಟದಾಗಿನ ನೀರು?"

"ಅದೂ ಅಷ್ಟ ಇತ್ತು. ರೇಣುಕಾ ಅಕ್ಕೋರು ಮತ್ತ ಕೇಳಿದ್ರು."

ಹೇಳಿ ಮುಗಿಸಿ ಅವಳು ಬುಟ್ಟಿಯಿಂದ ರೊಟ್ಟಿ ತೆಗೆದುಕೊಂಡು ಮುರಿದು ತಿನ್ನತೊಡಗಿದಳು. ತಾಯಿಯ ಮುಖ ನೋಡಲಿಲ್ಲ. ಶಿವಲೀಲಾ ಕಾಯುತ್ತಿದ್ದಳು. ಮೊದಲಾಗಿದ್ದರೆ, ತನ್ನ ಕಣ್ಣು ತುಂಬುವ ಮೊದಲೇ ಚಂಪಾ ಅದನ್ನು ಗುರುತಿಸಿ, ಏನಾದರೊಂದು ಕತೆ ಕಟ್ಟಿ, ಗಾಳಿಯ ಮೇಲೋ ಆಕಳ ಮೇಲೋ ಹಾಕಿ ನಗಿಸುತ್ತಿದ್ದಳು. ಮಗುವಿಗೆ ತಿಳಿಯದೆಂದು ತಾನು ಸುಳ್ಳಿನ ಸೆರಗು ಮುಚ್ಚಿದ್ದೆನೆಂದುಕೊಂಡಿದ್ದಳು. ಮುಚ್ಚಿದ್ದವಳು ಆ ನಾಲ್ಕು ವರ್ಷದ ಕೂಸು, ಮುಚ್ಚಿಸಿಕೊಂಡವಳು ತಾನು. ಅಷ್ಟು ದೊಡ್ಡ ಸಾವನ್ನು ಎದೆಯಲ್ಲಿಟ್ಟುಕೊಂಡು ದಿನಾ ಸಂಜೆ ರೊಟ್ಟಿ ತಟ್ಟಿದ ಆ ಹುಡುಗಿಯನ್ನು, ದಾಟಿಲ್ಲವೆಂದು, ತಾನೇ ಹಣೆಗೆ ಪಟ್ಟಿ ಕಟ್ಟಿ ಕಳಿಸಿಬಿಟ್ಟಿದ್ದಳು. ಈಗ ಎದುರಿಗೆ ಕೂತು ಉಣ್ಣುತ್ತಿರುವ ಹುಡುಗಿಗೆ ಎಲ್ಲವೂ ಗೊತ್ತು. ಯಾರಿಗಾಗಿಯೂ ಏನನ್ನೂ ಇದ್ದಂತೆ ಮಾಡಲು ಮಾತ್ರ ಬಾರದು.

"ಅವ್ವಾ, ಹಂಚ ಕಾದೈತಿ," ಎಂದಳು ಚಂಪಾ. "ರೊಟ್ಟಿ ಹೊತ್ತತೈತಿ."

ನೀಲವ್ವ ಎದ್ದು ಬಂದು ಸೊಸೆಯ ಕೈಯಿಂದ ಬಟ್ಟೆ ತೆಗೆದುಕೊಂಡು ರೊಟ್ಟಿ ತಿರುವಿದಳು. ಒಂದು ತಾಟು ಎಳೆದು ಮಣೆಯ ಮುಂದೆ ಇಡಲು ಹೋದವಳು ಅರ್ಧಕ್ಕೇ ನಿಂತಳು. ಅದನ್ನು ಹಾಗೆಯೇ ಹಿಡಿದುಕೊಂಡು, ಇಷ್ಟು ದಿನ ಅಳದ ಆ ಮುದುಕಿ, ಅಡುಗೆಮನೆಯ ನಡುವೆ ನಿಂತು ಅತ್ತಳು.

*

ಮರುದಿನ ಶಿವಲೀಲಾ ಕೇಂದ್ರಕ್ಕೆ ಎಲ್ಲರಿಗಿಂತ ಮೊದಲು ಬಂದು ಪರದೆಗಳ ಕೋಣೆಯಲ್ಲಿ ಕೂತಳು. ತಾನು ಪರೀಕ್ಷಿಸಿದ ಮಕ್ಕಳ ಹಳೆಯ ಚಿತ್ರಗಳನ್ನು ಒಂದೊಂದಾಗಿ ಹಾಕಿ ನೋಡಿದಳು. ಧ್ವನಿಯಿಲ್ಲದ ಚಿತ್ರಗಳು. ಕೈ ನೀರು ಬಗ್ಗಿಸುತ್ತದೆ, ತುಟಿ ಕೇಳುತ್ತದೆ. ಮಗು ಲೋಟ ನೋಡುವುದಿಲ್ಲ, ಮುಖ ನೋಡುತ್ತದೆ. ಜಡೆಯ ರಿಬ್ಬನ್ನು ಕಚ್ಚುತ್ತ, ಅಂಗಿಯ ಗುಂಡಿ ತಿರುವುತ್ತ, ಮೂಗು ಒರೆಸಿಕೊಳ್ಳುತ್ತ ಅವು ಅವಳ ಮುಖದಲ್ಲಿ ಒಂದೇ ವಿಷಯ ಹುಡುಕುತ್ತಿದ್ದವು: ಅಕ್ಕೋರಿಗೆ ಏನು ಬೇಕು? ನಿಜಕ್ಕೂ ಲೋಟವನ್ನೇ ನೋಡಿ, ಕಣ್ಣರಳಿಸಿ, ಹೆಚ್ಚಾಯಿತೆಂದು ನಂಬಿದವೂ ಇದ್ದವು. ಉಳಿದವು ಬರೀ ದೊಡ್ಡವರ ಮಾತು ಮೀರದ ಮಕ್ಕಳು. ಎಲ್ಲರಿಗೂ ಒಂದೇ ಹಳದಿ.

ಒಂದು ಗಳಿಗೆ, ಮೇಡಮ್ಮನ ಬಾಗಿಲು ತಟ್ಟಿ ಎಲ್ಲ ಹೇಳಿಬಿಡಬೇಕು ಅನ್ನಿಸಿತು. ಮೇಡಮ್ ಬಂದಾಗ ಶಿವಲೀಲಾ ಇಷ್ಟು ಮಾತ್ರ ಕೇಳಿದಳು.

"ಒಂದ ಸಲ ಕೇಳಿ ಬಿಟ್ರ ಆಗೂದಿಲ್ಲೇನ್ರಿ ಮೇಡಮ್?"

"ಯಂತ್ರಕ್ಕ ಎರಡು ಉತ್ತರ ಬೇಕಲ್ಲ. ಒಂದೇ ಇದ್ರ ಯಾವುದಕ್ಕ ಯಾವುದು ಹೋಲಿಸಿ ನೋಡಬೇಕು?" ಎಂದು ಮೇಡಮ್ ನಕ್ಕಳು. "ಚಂಪಾ ಹೆಂಗಿದ್ದಾಳ? ಲೆಕ್ಕದಾಗ ಭಾಳ ಚುರುಕಂತ?"

"ಹೌದ್ರಿ. ಭಾಳ ಚುರುಕ ಅದಾಳ."

ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಮೇಡಮ್ ನಂಬುತ್ತಾಳೆ, ಮೇಲಿನವರಿಗೆ ತಿಳಿಸುತ್ತಾಳೆ, ಮತ್ತೆ ಪರಿಶೀಲನೆ, ಅದು ಮುಗಿಯುವವರೆಗೂ ಇದೇ ನಿಯಮ, ದಿನವೂ ಹೊಸ ಹಣೆಗಳಿಗೆ ಪಟ್ಟಿ. ಇನ್ನೊಂದು ಕಡೆ, ಈಗಾಗಲೇ ಪಟ್ಟಿ ಕಟ್ಟಿದ ಎಲ್ಲ ತಾಯಂದಿರ ಮುಂದೆ ನಿಂತು, ನಿಮ್ಮ ಕೂಸಿಗೆ ಮೊದಲೇ ತಿಳಿದಿತ್ತು ಎನ್ನಬೇಕು. ಅವರ ಮನೆಗಳಲ್ಲಿ ಯಾವ ಯಾವ ಮಣೆ ಖಾಲಿಯಾಗಿದೆಯೋ. ಆ ಮಾತು ತನಗೆ ಏನು ಮಾಡಿತೆಂದು ಗೊತ್ತಿದ್ದೂ ಅದನ್ನು ಇನ್ನೊಬ್ಬಳಿಗೆ ಹೇಳುವ ಶಕ್ತಿ ಅವಳಲ್ಲಿರಲಿಲ್ಲ.

ಅವಳು ಲೋಟಗಳನ್ನು ತೊಳೆದು, ಒರೆಸಿ, ಕೆಂಪು ನೀರು ತುಂಬಿದಳು. ಕಿಟಕಿಯಾಚೆ ದೂರದ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಹೊರಗಿನ ಬೆಂಚಿನಲ್ಲಿ ಯಾವುದೋ ತಾಯಿ ಮಗಳಿಗೆ ತಾಕೀತು ಮಾಡುತ್ತಿದ್ದಳು. "ಅಕ್ಕೋರು ಕೇಳಿದ್ದಕ್ಕ ಚಂದಂಗಿ ಹೇಳಬೇಕ ನೋಡ, ಎದುರು ಮಾತಾಡಬ್ಯಾಡ."

ಇಬ್ಬರು ಅಕ್ಕೋರಲ್ಲಿ ತಾನೊಬ್ಬಳು. ರೇಣುಕಾಳ ಮೇಜು ತನ್ನ ಕೈಯಲ್ಲಿಲ್ಲ, ತನ್ನ ಮೇಜು ಇದೆ. ಯಂತ್ರಕ್ಕೆ ಎರಡು ಉತ್ತರ ಬೇಕು, ಕೊಟ್ಟರಾಯಿತು. ಯಂತ್ರಕ್ಕೆ ಕಿವಿಯಿಲ್ಲ.

ಬಾಗಿಲು ಸರಿಯಿತು. ಎರಡು ಜಡೆಯ ಹುಡುಗಿ ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತು, ಆಗಲೇ ಅವಳ ಮುಖ ನೋಡತೊಡಗಿದಳು. ಶಿವಲೀಲಾ ಬಲೆಟೋಪಿಯನ್ನು ಆ ಪುಟ್ಟ ತಲೆಗೆ ಕೂರಿಸಿ, ಕೆನ್ನೆಯ ಮೇಲೆ ಬಿದ್ದಿದ್ದ ಕೂದಲು ಹಿಂದೆ ಸರಿಸಿದಳು. ಇವತ್ತಿನಿಂದ ತನಗೆ ಕಿವಿ ಸ್ವಲ್ಪ ಮಂದವಾಗಬೇಕು. ನೀರು ಬಗ್ಗಿಸುವ ಮೊದಲೇ ಪ್ರತಿ ಮಗುವಿಗೂ ಹೇಳಬೇಕು: ನನಗ ಕಿವಿ ಸರಿ ಕೇಳಸೂದಿಲ್ಲವಾ, ಅದಕ್ಕ ಎರಡು ಸಲ ಕೇಳ್ತೀನಿ. ನೀ ಮೊದಲ ಹೇಳಿದ್ದು ತಪ್ಪಲ್ಲ.

ಅವಳು ಮೊದಲ ಲೋಟವನ್ನು ಕೈಗೆತ್ತಿಕೊಂಡು, ಕಿವಿಯ ಹಿಂದೆ ಅಂಗೈ ಇಟ್ಟು, ಹುಡುಗಿಯ ಕಡೆಗೆ ಬಾಗಿದಳು.